ನಿವಾರಾ ಅಂದ್ರೆ ನಿವಾರಿಸೋದಲ್ಲ

ಪುಣೆಗೆ ಬಂದ ಹೊಸತರಲ್ಲಿ ಮರಾಠಿ ಬೋರ್ಡುಗಳನ್ನೆಲ್ಲ ನಾನು ಕನ್ನಡದಲ್ಲೇ ಓದುತ್ತಿದ್ದೆ. ಶಾಲೆಯಲ್ಲಿ ಹಿಂದಿ ಕಲಿತಿದ್ದರಿಂದ ಅಕ್ಷರ ಗೊತ್ತಾಗುತ್ತಿತ್ತು. ಅರ್ಥ ಮಾತ್ರ ಧಾರವಾಡದ್ದು. ಒಮ್ಮೆ ಪಕ್ಕದ ಮನೆಯ ಮರಾಠಿ ಅಜ್ಜಿ, ತನ್ನ ಪ್ರಪಂಚ ಮುಗಿಯಿತು ಅಂದರು. ನಾನು ಗಾಬರಿಯಾಗಿ ನೀರು ತರಲು ಓಡಿದೆ. ಆಮೇಲೆ ತಿಳಿಯಿತು, ಮರಾಠಿಯಲ್ಲಿ ಪ್ರಪಂಚ ಅಂದರೆ ಮನೆ-ಮಕ್ಕಳು, ಸಂಸಾರ. ಮಕ್ಕಳ ಮದುವೆ ಎಲ್ಲಾ ಆಯ್ತು, ಇನ್ನು ಜವಾಬ್ದಾರಿ ಇಲ್ಲ ಅಂತ ಅವರು ಖುಷಿಯಿಂದಲೇ ಹೇಳಿದ್ದು.

ಇಂಥದ್ದೇ ಇನ್ನೊಂದು ಎಡವಟ್ಟು ನವಿ ಪೇಟೆಯಲ್ಲಿ ಆಯಿತು. ಅಲಕಾ ಟಾಕೀಸ್ ಚೌಕದಿಂದ ಶಾಸ್ತ್ರಿ ರಸ್ತೆ ಹಿಡಿದು ಬಂದರೆ, ಗಾಂಜವೆ ಚೌಕದ ಹತ್ತಿರ 'ನಿವಾರಾ' ಅಂತ ಒಂದು ಜಾಗ. ಅಲ್ಲಿನ ಸಭಾಗೃಹದಲ್ಲಿ ಏನೋ ಪ್ರದರ್ಶನ ಇದೆ ಅಂತ ಹೋಗಿದ್ದೆ. ವೃದ್ಧಾಶ್ರಮವೂ ಅದೇ ಅಂತ ಯಾರೋ ಹೇಳಿದರು. ನನಗೆ ಮೈ ಜುಮ್ ಅಂತು. ವಯಸ್ಸಾದವರನ್ನು ಇಡುವ ಜಾಗಕ್ಕೆ 'ನಿವಾರಣೆ' ಅಂತ ಹೆಸರಿಡುವುದಾ? ತಲೆನೋವು ನಿವಾರಣೆ, ಬಡತನ ನಿವಾರಣೆ, ಹಾಗೇ ಮುದುಕರ ನಿವಾರಣೆ?

ತಪ್ಪು ನನ್ನದೇ. ನಾವು ರೊಟ್ಟಿ, ಬಟ್ಟೆ, ಮನೆ ಅನ್ನುವ ಹಾಗೆ ಮರಾಠಿಯವರು ಅನ್ನ, ವಸ್ತ್ರ, ನಿವಾರಾ ಅನ್ನುತ್ತಾರೆ. ಬಿಸಿಲು-ಮಳೆಯನ್ನು ತಡೆಯುವುದು, ಅಂದರೆ ಸೂರು. ಎರಡೂ ಶಬ್ದದ ಬೇರು ಒಂದೇ. ನಾವು ಕಷ್ಟದ ಕಡೆಯಿಂದ ನೋಡಿದೆವು, ಅವರು ಚಾವಣಿಯ ಕೆಳಗಿನಿಂದ ನೋಡಿದರು ಅಷ್ಟೇ.

ಇದೆಲ್ಲ ಹಳೆಯ ಕಥೆ. ಮತ್ತೆ ನೆನಪಾಗಲು ಕಾರಣ ನಮ್ಮ ವಾಡೆಯ ಅಜ್ಜಿ.

ಪುಣೆಯಲ್ಲಿ ನನ್ನ ಮೊದಲ ಬಾಡಿಗೆ ಮನೆ ಶನಿವಾರ ಪೇಟೆಯ ಒಂದು ಹಳೇ ವಾಡೆಯಲ್ಲಿತ್ತು. ವಾಡೆ ಅಂದರೆ ನಡುವೆ ಅಂಗಳ, ಸುತ್ತ ಮರದ ಕಂಬ, ಎರಡೆರಡು ಕೋಣೆಯ ಹತ್ತು ಸಂಸಾರ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅಲ್ಲಿ ನನ್ನನ್ನು ಕನ್ನಡದಲ್ಲಿ ಬೈದ ಮೊದಲ ವ್ಯಕ್ತಿ ಈ ಅಜ್ಜಿ. ಗದಗಿನ ಕಡೆಯವರು. ಗಂಡ ಖಡಕಿಯ ಅಮ್ಯುನಿಷನ್ ಫ್ಯಾಕ್ಟರಿಯಲ್ಲಿದ್ದರು, ದಿನಾ ಸೈಕಲ್ ಮೇಲೆ ಹೋಗಿ ಬರುತ್ತಿದ್ದರಂತೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಬಾಡಿಗೆ ಇವತ್ತಿಗೂ ತಿಂಗಳಿಗೆ ನೂರು ರೂಪಾಯಿ ದಾಟಿಲ್ಲ. ಹಳೇ ಬಾಡಿಗೆ ಕಾನೂನಿನ ಪುಣ್ಯ ಅದು. ಆದರೆ ಈಗ ವಾಡೆ ಕೆಡವಿ ಹೊಸ ಕಟ್ಟಡ ಕಟ್ಟುತ್ತಾರೆ. ಮೂರು ವರ್ಷ ಹೊರಗಿರಬೇಕು. ಮಗ ವಾಘೋಲಿಯಲ್ಲಿದ್ದಾನೆ. ಒಳ್ಳೆಯವನೇ. ಕರೆಯುತ್ತಾನೆ, ಇವರು ಹೋಗುವುದಿಲ್ಲ.

"ಅಲ್ಲಿ ಹತ್ತನೇ ಮಜಲಿ ಮ್ಯಾಲ ಕುಂತು ಯಾರ ಜೋಡಿ ಜಗಳಾ ಆಡ್ಲಿ?" ಅನ್ನುತ್ತಾರೆ. "ಇರಾಕ ಒಂದ್ ಜಾಗಾ ನೋಡ ತಂಗಿ. ಪ್ಯಾಟಿ ಬಿಟ್ಟು ದೂರ ಬ್ಯಾಡ."

ಮೊದಲು ಒಂದು ಖಾಸಗಿ ಜಾಗಕ್ಕೆ ಹೋದೆವು. ಹೆಸರು ಬೇಡ. ಬಾಗಿಲಲ್ಲಿ ಕಾರಂಜಿ, ಗೋಡೆಯ ಮೇಲೆ ನಗುವ ಮುದುಕರ ಫೋಟೋ. ಲಕ್ಷಗಟ್ಟಲೆ ಡಿಪಾಸಿಟ್, ಅದರಲ್ಲಿ ದೊಡ್ಡ ಪಾಲು ವಾಪಸ್ ಬರುವುದಿಲ್ಲ. ಅಜ್ಜಿ ಎಲ್ಲ ಕೇಳಿಸಿಕೊಂಡು, ಇಲ್ಲಿ ಇದ್ದು ಸತ್ತರೆ ಲಾಭವೋ ಬೇಗ ಸತ್ತರೆ ಲಾಭವೋ ಅಂತ ಮರಾಠಿಯಲ್ಲೇ ಕೇಳಿದರು. ನಮಗೆ ವಿವರ ಹೇಳುತ್ತಿದ್ದ ಹುಡುಗಿಗೆ ಉತ್ತರ ಹೊಳೆಯಲಿಲ್ಲ. ಪಾಪ, ಅವಳು ಸಂಬಳಕ್ಕೆ ನಗುವವಳು.

ವಾಪಸ್ ಬರುವಾಗ ರಿಕ್ಷಾ ನವಿ ಪೇಟೆ ಹಾದು ಬಂತು. ನಾನು ನಿವಾರಾ ತೋರಿಸಿದೆ. ಅದರ ಮೂಲ ಹೆಸರನ್ನೂ ಹೇಳಿದೆ: ಡೇವಿಡ್ ಸಸೂನ್ ಇನ್ಫರ್ಮ್ ಅಸೈಲಮ್. ಮರಾಠಿಯಲ್ಲಿ ಡೇವಿಡ್ ಸಸೂನ್ ಅನಾಥ ಪಂಗು ಗೃಹ.

"ಅಸೈಲಮ್?" ಅಜ್ಜಿ ಕಣ್ಣು ದೊಡ್ಡದು ಮಾಡಿದರು. "ಅದಕ್ಕ ನಾ ಧಾರವಾಡಕ್ಕ ಹೋಗ್ತಿದ್ದೆ, ಇಲ್ಲಿ ಯಾಕ?"

ಉತ್ತರ ಕರ್ನಾಟಕದವರಿಗೆ ಈ ಜೋಕು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ: ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ನಮ್ಮ ಕಡೆ ಯಾರಾದರೂ ಜಾಸ್ತಿ ತಲೆ ತಿಂದರೆ 'ಧಾರವಾಡಕ್ಕ ಕಳಸಬೇಕ ಇವಂಗ' ಅನ್ನುವುದುಂಟು. ಆದರೆ ನಿವಾರಾಕ್ಕೆ ಆ ಹಳೇ ಹೆಸರಿಟ್ಟ ಕಾಲದಲ್ಲಿ ಅಸೈಲಮ್ ಅಂದರೆ ಆಸರೆ ಅಂತಲೂ ಅರ್ಥವಿತ್ತು. 'ಇನ್ಫರ್ಮ್' ಅಂದರೆ ಕೈಲಾಗದವರು. ಇಂಗ್ಲೆಂಡಿನಲ್ಲಿ 1601ರಲ್ಲೇ ಧರ್ಮದತ್ತಿಗಳ ಬಗ್ಗೆ ಒಂದು ಕಾನೂನು ಬಂದಿತ್ತು. ಯಾವ ಯಾವ ಕೆಲಸ ಧರ್ಮಕಾರ್ಯ ಅನ್ನಿಸಿಕೊಳ್ಳುತ್ತದೆ ಅಂತ ಅದರ ಮುನ್ನುಡಿಯಲ್ಲಿ ಪಟ್ಟಿ ಇದೆ. ಪಟ್ಟಿ ಶುರುವಾಗುವುದೇ ವಯಸ್ಸಾದವರು, ಕೈಲಾಗದವರು, ಬಡವರು ಅಂತ. ಬ್ರಿಟಿಷರ ಜೊತೆ ಆ ಕಾಲದ ಮಾತೂ ಇಲ್ಲಿಗೆ ಬಂತು. ಮೊದಲು ಪಂಗು, ಅನಾಥ. ಈಗ ನಿವಾರಾ. ಹೆಸರು ಮೆತ್ತಗಾಗಲು ಎಷ್ಟು ಕಾಲ ಹಿಡಿಯಿತು ನೋಡಿ.

ಮನೆಗೆ ಬಂದ ಮೇಲೆ ಅಜ್ಜಿಯ ಪ್ರಶ್ನೆ: "ಆ ಸಸೂನ ಯಾರವಾ? ಪುಣೇದಾಗ ಅವಂದೇನು ಕೆಲಸಾ?"

ಇಲ್ಲಿಂದ ಕಥೆ ನಮ್ಮೂರಿಗೇ ಬರುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಡೇವಿಡ್ ಸಸೂನ್ 1792ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ. ಅಪ್ಪ ಅಲ್ಲಿನ ಪಾಶಾಗಳ, ಅಂದರೆ ತುರ್ಕಿ ಸುಲ್ತಾನನ ರಾಜ್ಯಪಾಲರ, ಖಜಾಂಚಿ. ದಾವೂದ್ ಪಾಶಾನ ಕಾಲದಲ್ಲಿ ಯಹೂದಿಗಳಿಗೆ ಉಳಿಗಾಲ ಇರಲಿಲ್ಲ. ಊರು ಬಿಟ್ಟು, ಇರಾನಿನ ಬುಶೆಹರ್ ಬಂದರಿನಲ್ಲಿ ಸ್ವಲ್ಪ ಕಾಲ ಇದ್ದು, 1832ರ ಹೊತ್ತಿಗೆ ಮುಂಬಯಿಗೆ ಬಂದ. ಆಗ ಅವನಿಗೆ ನಲವತ್ತು. ನಮ್ಮಲ್ಲಿ ನಲವತ್ತಕ್ಕೆ ಇನ್ನು ಊರಿಗೆ ಹೋಗಿ ತೋಟ ಮಾಡೋಣ ಅನ್ನಿಸುತ್ತದೆ. ಇವನು ಗೊತ್ತಿಲ್ಲದ ಊರಲ್ಲಿ ಮೊದಲಿನಿಂದ ಅಂಗಡಿ ಹಾಕಿದ. ಇಂಗ್ಲಿಷ್ ಕಲಿಯಲೇ ಇಲ್ಲ. ಬ್ರಿಟಿಷ್ ಪ್ರಜೆಯಾಗುವಾಗಲೂ ಸಹಿ ಹೀಬ್ರೂವಿನಲ್ಲೇ.

ಮುಖ್ಯ ವ್ಯಾಪಾರ ಎರಡು: ಅಫೀಮು ಮತ್ತು ಹತ್ತಿ. ಮಾಳವದ ಅಫೀಮು ಮುಂಬಯಿಯಿಂದ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಇದನ್ನು ಮುಚ್ಚಿಡುವುದು ಬೇಡ. ಸಸೂನ್ ಹೆಸರಿನ ಲೈಬ್ರರಿ, ಆಸ್ಪತ್ರೆ ಎಲ್ಲದರ ಅಡಿಪಾಯದಲ್ಲಿ ಚೀನಾದ ಯಾರದೋ ಮನೆ ಹಾಳಾದ ಹಣವೂ ಇದೆ. ದಾನದ ಕಥೆ ಹೇಳುವವರು ಈ ಭಾಗಕ್ಕೆ ಬಂದಾಗ ಕೆಮ್ಮಿ ಮುಂದೆ ಹೋಗುತ್ತಾರೆ.

ಹತ್ತಿಯ ಮಾತು ಬಂದಾಗ ಅಜ್ಜಿ ನೆಟ್ಟಗೆ ಕೂತರು. ಗದಗಿನವರಿಗೆ ಹತ್ತಿ ಅಂದರೆ ಮನೆಮಾತು.

1861ರಲ್ಲಿ ಅಮೆರಿಕದಲ್ಲಿ ಒಳಗಿನ ಯುದ್ಧ ಶುರುವಾಯಿತು. ಅಲ್ಲಿನ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲ. ಎಲ್ಲರ ಕಣ್ಣು ಮುಂಬಯಿ ಮೇಲೆ. ಮುಂಬಯಿಗೆ ಹತ್ತಿ ಎಲ್ಲಿಂದ? ಗುಜರಾತ್, ವಿದರ್ಭದ ವರ್ಹಾಡ, ಜೊತೆಗೆ ನಮ್ಮ ಧಾರವಾಡ ಜಿಲ್ಲೆ. ಯುದ್ಧಕ್ಕೆ ಇಪ್ಪತ್ತು ವರ್ಷ ಮುಂಚೆಯೇ ನಮ್ಮ ಎರೆ ಭೂಮಿಯಲ್ಲಿ ಅಮೆರಿಕದ ಬೀಜ ಬಿತ್ತಿ ನೋಡಿದ್ದರು. ಆ ತಳಿಗೆ ಪೇಟೆಯಲ್ಲಿ 'ಧಾರವಾಡ-ಅಮೆರಿಕನ್' ಅಂತಲೇ ಹೆಸರು. ನಾಟಿ ಹತ್ತಿ ಎತ್ತಿನ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಹಾಗಾಗಿ ಅದಕ್ಕೆ ವಿಲಾಯತಿಯಲ್ಲೂ 'ಕುಮಟಾ' ಅಂತಲೇ ಹೆಸರು. ಬೆಳೆದದ್ದು ಗದಗಿನಲ್ಲಿ, ಹೆಸರು ಕುಮಟೆಯದು! 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿ. ಕಾರವಾರ ಬಂದರು ಧಾರವಾಡದ ಹತ್ತಿಗೆ ಬೇಕಾಗಿತ್ತು. ಒಂದು ಜಿಲ್ಲೆಯ ಗುರುತನ್ನೇ ಹತ್ತಿ ಬದಲಿಸಿತು.

ಮುಂಬಯಿಯಲ್ಲಿ ಹಣದ ಮಳೆ. ಹಾಸಿಗೆಯೊಳಗಿನ ಹಳೇ ಹತ್ತಿ ಕೂಡ ಬಿಚ್ಚಿ ಮಾರಿದರು ಅನ್ನುವ ಮಾತಿದೆ. ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳ ಶೇರುಗಳಿಗೆ ಜನ ಮುಗಿಬಿದ್ದರು. 1865ರಲ್ಲಿ ಯುದ್ಧ ನಿಂತಿತು, ದರ ಕುಸಿಯಿತು, ನಿನ್ನೆಯ ಸಾಹುಕಾರರು ದಿವಾಳಿ. ಶೇರು ಬಜಾರಿನ ರಾಜ ಅನ್ನಿಸಿಕೊಂಡಿದ್ದ ಪ್ರೇಮಚಂದ್ ರಾಯಚಂದರೂ ಬಿದ್ದರು. ಅದೇ ದಶಕದಲ್ಲಿ ಡೇವಿಡ್ ಸಸೂನರ ಹಣದ ಒಂದು ಪಾಲು ಪುಣೆಯಲ್ಲಿ ಕಲ್ಲು-ಗಾರೆಯಾಗಿ ನಿಂತಿತು. ಕ್ಯಾಂಪಿನಲ್ಲಿ ಓಹೆಲ್ ಡೇವಿಡ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಸ್ಟೇಷನ್ ಹತ್ತಿರ 1867ರಲ್ಲಿ ಸಸೂನ್ ಆಸ್ಪತ್ರೆ, ಈ ಕಡೆ ಮುಠಾ ನದಿಯ ಬದಿಗೆ ಕೈಲಾಗದವರ ಮನೆ. ಆಸ್ಪತ್ರೆ ಎಲ್ಲರಿಗೂ ಗೊತ್ತು. 1924ರಲ್ಲಿ ಗಾಂಧೀಜಿಗೆ ಅಪೆಂಡಿಕ್ಸ್ ಆಪರೇಷನ್ ಆದದ್ದು ಅಲ್ಲೇ. ಮುದುಕರ ಮನೆಯ ಬಗ್ಗೆ ಅಷ್ಟು ಮಾತಿಲ್ಲ. ಅಲ್ಲಿ ಮಲಗೆದ್ದವರಲ್ಲಿ ಹೆಸರಾಂತರು ಯಾರೂ ಇರಲಿಲ್ಲವಲ್ಲ.

ನನಗೆ ಇಷ್ಟವಾಗುವುದು ಇನ್ನೊಂದು ವಿಷಯ. ಕೊಟ್ಟವರು ಹೋಗಿ ಒಂದೂವರೆ ಶತಮಾನ ದಾಟಿದೆ. ಸಸೂನ್ ಮನೆತನದ ದೊಡ್ಡ ಪಾಲು ಆಗಲೇ ಲಂಡನ್ ಸೇರಿತು. ಪುಣೆಯ ಪೇಟೆಗಳಲ್ಲಿ ಒಂದು ಗುಂಟೆ ಜಾಗಕ್ಕೆ ಏನು ಬೆಲೆ ಅಂತ ಇಲ್ಲಿ ಮನೆ ಹುಡುಕಿದವರಿಗೆ ಗೊತ್ತು. ಆದರೂ ಇಂಥ ಜಾಗಗಳು ಕೆಲವಾದರೂ ಉಳಿದಿವೆ. ಜನರ ಒಳ್ಳೆಯತನ ಒಂದು ಕಾರಣ. ಇನ್ನೊಂದು ಕಾರಣ ಬಹಳ ಬೋರಿಂಗ್, ಸರ್ಕಾರಿ ಕಾಗದ. 1950ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ (ಈಗ ಅದರ ಹೆಸರಲ್ಲಿ ಮುಂಬಯಿ ಹೋಗಿ ಮಹಾರಾಷ್ಟ್ರ ಬಂದಿದೆ) ಪ್ರಕಾರ ಪ್ರತಿ ಟ್ರಸ್ಟೂ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿ ಆಗಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಟ್ರಸ್ಟಿ ಬದಲಾದರೆ ಅದನ್ನೂ ತಿಳಿಸಬೇಕು. 36ನೇ ಕಲಮಿನ ಪ್ರಕಾರ ಆಯುಕ್ತರ ಒಪ್ಪಿಗೆ ಇಲ್ಲದೆ ಜಾಗ ಮಾರುವಂತಿಲ್ಲ, ಕಟ್ಟಡವನ್ನು ಮೂರು ವರ್ಷಕ್ಕಿಂತ ಜಾಸ್ತಿ ಲೀಸಿಗೂ ಕೊಡುವಂತಿಲ್ಲ. 1956ರ ತನಕ ಧಾರವಾಡವೂ ಮುಂಬಯಿ ರಾಜ್ಯದಲ್ಲೇ ಇತ್ತು, ಹಾಗಾಗಿ ನಮ್ಮ ಕಡೆಯ ಹಳೇ ವಕೀಲರಿಗೂ ಈ ಕಾಯ್ದೆ ಬಾಯಿಪಾಠ. ಕಾನೂನಿದ್ದರೂ ಜಾಗ ನುಂಗುವವರು ನುಂಗುತ್ತಾರೆ, ಅದು ಬೇರೆ ಮಾತು. ಆದರೆ ನುಂಗುವ ಮುಂಚೆ ಒಂದು ಅರ್ಜಿ ಹಾಕಲೇಬೇಕಲ್ವಾ.

ಇನ್ನು 2007ರ ಹಿರಿಯ ನಾಗರಿಕರ ಕಾಯ್ದೆ. ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ ಇರಬಹುದು, ಕಡಿಮೆ ಅಂದರೆ 150 ಬಡ ಹಿರಿಯರಿಗೆ ಜಾಗ ಇರಬೇಕು ಅನ್ನುತ್ತದೆ. 'ಇರಬಹುದು' ಅನ್ನುವ ಆ ಒಂದು ಪದದಲ್ಲಿ ಸರ್ಕಾರ ಆರಾಮಾಗಿ ಮಲಗಿದೆ.

ದಾನದ ಇನ್ನೊಂದು ಬಗೆಯೂ ಇದೆ. ಅದನ್ನೂ ಅಜ್ಜಿಗೆ ಹೇಳಿದೆ. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಒಂದು ಬಂದರು ಊರಲ್ಲಿ, ಮನೆಗೆಲಸ ಮಾಡಿ ಬದುಕುತ್ತಿದ್ದ ಜಾನ್ ಜುಗಾನ್ ಎಂಬ ಹೆಂಗಸು, ಒಬ್ಬ ಕುರುಡು ಮುದುಕಿಯನ್ನು ಹೊತ್ತು ತಂದು ತನ್ನ ಹಾಸಿಗೆಯಲ್ಲಿ ಮಲಗಿಸಿದಳು. ತಾನು ಅಟ್ಟ ಹತ್ತಿ ಮಲಗಿದಳು. ಅಷ್ಟೇ, ಬೇರೆ ಬಂಡವಾಳ ಇಲ್ಲ. ಅದರಿಂದ ಬೆಳೆದ ಸನ್ಯಾಸಿನಿಯರ ಸಂಘದ ವೃದ್ಧಾಶ್ರಮ ಬೆಂಗಳೂರಿನ ಹೊಸೂರು ರಸ್ತೆಯಲ್ಲಿದೆ, ಮುಂಬಯಿಯ ಅಂಧೇರಿಯಲ್ಲೂ ಇದೆ. 2009ರಲ್ಲಿ ಪೋಪ್ ಆಕೆಯನ್ನು ಸಂತಳೆಂದು ಸಾರಿದರು. ಅಜ್ಜಿಗೆ ಈ ಕಥೆ ಸಸೂನನ ಕಥೆಗಿಂತ ಹಿಡಿಸಿತು. "ರೊಕ್ಕಾ ಕೊಡೋದು ಹಗರ. ಹಾಸಗಿ ಕೊಡೋದು ಕಠಿಣ" ಅಂದರು.

ನನಗೆ ಇಲ್ಲಿನ ನಮ್ಮ ಕನ್ನಡ ಸಂಘದ ಮೀಟಿಂಗುಗಳು ನೆನಪಾದವು. ರಾಜ್ಯೋತ್ಸವ, ಯಕ್ಷಗಾನ, ಮಕ್ಕಳ ಡ್ಯಾನ್ಸ್ ಎಲ್ಲಕ್ಕೂ ಸಮಿತಿ ಇದೆ. ಹಿರಿಯರ ಮಾತು ಬಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೋ. ಒಮ್ಮೆ ನಾನೇ ಬಾಯಿಬಿಟ್ಟು, ಒಂಟಿಯಾಗಿರುವ ನಮ್ಮ ಹಿರಿಯರ ಒಂದು ಪಟ್ಟಿಯನ್ನಾದರೂ ಮಾಡೋಣ ಅಂದೆ. ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂದರು. ಆ ಮುಂದಿನ ಮೀಟಿಂಗು ಊಟದ ಮೆನುವಿನಲ್ಲೇ ಮುಗಿಯಿತು. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಕೊನೆಗೆ ಒಂದು ದಿನ ಅಜ್ಜಿ ತಾವೇ ಹೊರಟರು. ನಿವಾರಾದ ಸುತ್ತಲ ಬೀದಿಗಳನ್ನು ನಡೆದು ನೋಡಬೇಕಂತೆ. ತರಕಾರಿ ಎಲ್ಲಿ ಸಿಗುತ್ತದೆ, ಔಷಧಿ ಅಂಗಡಿ ಎಷ್ಟು ದೂರ, ಫುಟ್‌ಪಾತ್ ಸರಿ ಇದೆಯಾ. ನವಿ ಪೇಟೆಯಲ್ಲೇ ಭೀಮಸೇನ ಜೋಶಿಯವರ ಮನೆ 'ಕಲಾಶ್ರೀ' ಇದೆ ಅಂದಾಗ ಮುಖ ಅರಳಿತು. ಅವರೂ ಗದಗಿನವರಲ್ಲವಾ. ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದ ಹುಡುಗ. ವೈಕುಂಠ ಸ್ಮಶಾನವೂ ಇಲ್ಲೇ, 2011ರ ಜನವರಿಯಲ್ಲಿ ಅವರ ಅಂತ್ಯಕ್ರಿಯೆ ಆದದ್ದು ಅಲ್ಲೇ ಅಂತ ನಾನು ಹೇಳಬಾರದಿತ್ತು, ಬಾಯಿ ತಪ್ಪಿ ಹೇಳಿಬಿಟ್ಟೆ.

"ಎಲ್ಲಾ ಹತ್ರನ ಐತಿ ಹಂಗಾರ" ಅಂದರು ಅಜ್ಜಿ. "ರಿಕ್ಷಾದ ರೊಕ್ಕಾ ಉಳೀತು."

ಆಮೇಲೆ, ಸಾಹುಕಾರನ ಗೋರಿ ನೋಡಬೇಕು ಅಂತ ಹಟ. 1864ರ ನವೆಂಬರಿನಲ್ಲಿ ಸಸೂನ್ ತೀರಿಕೊಂಡದ್ದು ಪುಣೆಯಲ್ಲೇ. ಸಿನಗಾಗ್ ಇನ್ನೂ ಕಟ್ಟುತ್ತಿದ್ದರು. ಅದೇ ಅಂಗಳದಲ್ಲಿ ಅವನ ಸಮಾಧಿ ಇದೆ. ಕೆಂಪು ಇಟ್ಟಿಗೆಯ ಎತ್ತರದ ಗೋಪುರ, ಊರವರ ಬಾಯಲ್ಲಿ ಅದು 'ಲಾಲ್ ದೇವುಳ್', ಕೆಂಪು ಗುಡಿ. ನಾವು ಹೋದಾಗ ಗೇಟು ಹಾಕಿತ್ತು. ಕಾವಲಿನವನು, ಮೊದಲೇ ಅನುಮತಿ ಪಡೆಯಬೇಕು ಅಂದ. ರಸ್ತೆಯ ಈಚೆಯಿಂದಲೇ ಗೋಪುರ ನೋಡಿದೆವು.

ಅಜ್ಜಿಯ ಮುತ್ತಜ್ಜ ಕುಮಟೆಯ ತನಕ ಹತ್ತಿ ಗಾಡಿ ಹೊಡೆಯುತ್ತಿದ್ದನಂತೆ. ಅವತ್ತೇ ನನಗೆ ಗೊತ್ತಾದದ್ದು. ಘಟ್ಟದಲ್ಲಿ ಒಂದು ಎತ್ತು ಕಾಲು ಮುರಿದುಕೊಂಡಿತು, ಆ ಟ್ರಿಪ್ಪಿನ ಬಾಡಿಗೆ ವ್ಯಾಪಾರಿ ಕೊಡಲೇ ಇಲ್ಲ ಅಂತ ಮನೆಯಲ್ಲಿ ನಾಲ್ಕು ತಲೆಮಾರು ಹೇಳಿಕೊಂಡು ಬಂದಿದ್ದಾರೆ.

ಅಜ್ಜಿ ಸೆರಗು ಸರಿ ಮಾಡಿಕೊಂಡು, ಗೋಪುರಕ್ಕೆ ಕೈ ಮುಗಿದು, ಬ್ಯಾಂಕಿನವರ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದರು: "ನಮ್ಮ ಮುತ್ಯಾನ ಗಾಡಿ ಬಾಡಿಗಿ ಬಾಕಿ ಐತ್ರಿ ಸಾಹುಕಾರ್ರ. ಜಾಗಾ ಸಿಕ್ಕರ ಅದರಾಗ ಮುರ್ಕೋತೀನಿ."

ರಿಕ್ಷಾದವನು ಮೀಟರ್ ಓಡುತ್ತಿದೆ ಅಂತ ಹಾರ್ನ್ ಹೊಡೆದ.