ಬ್ಯಾಗಿನಲ್ಲಿ ಬೈನಾಕ್ಯುಲರ್ ಇತ್ತು, ಸಕ್ಕರೆ ಇರಲಿಲ್ಲ

ದಾವಣಗೆರೆಯಿಂದ ಅರ್ಧ ಗಂಟೆ ದಾರಿ. ಒಂದು ಕೆರೆ, ಹಿಂದೆ ಕುರುಚಲು ಕಾಡಿನ ಗುಡ್ಡ, ನಡುವೆ ನಾನು ಕೆಲಸ ಮಾಡುವ ರೆಸಾರ್ಟ್. ಬೆಳಿಗ್ಗೆ ಅತಿಥಿಗಳನ್ನು ಕಾಡಿನಲ್ಲಿ ನಡೆಸಿಕೊಂಡು ಬರುವುದು ನನ್ನ ಪಾಲಿನ ಕೆಲಸ. ಸೇರಿದ ವರ್ಷ ಆ ದಾರಿ ಗುರುತು ಮಾಡಿದವನೂ ನಾನೇ. ಮೊಬೈಲ್ ಹಿಡಿದು ಒಬ್ಬನೇ ನಡೆದೆ, ಐವತ್ತು ನಿಮಿಷದಲ್ಲಿ 5 ಕಿ.ಮೀ. ಮುಗಿಯಿತು. ಗೇಟಿನ ಹತ್ತಿರ ‘ವೆಲ್‌ನೆಸ್ ಟ್ರೇಲ್, 5 ಕಿ.ಮೀ.’ ಅಂತ ಬೋರ್ಡೂ ಎದ್ದಿತು. ಅಳತೆ ಮಾಡಿದ್ದು ಇಪ್ಪತ್ತಾರು ವಯಸ್ಸಿನ ಕಾಲು, ಅದೂ ಡಿಸೆಂಬರ್ ಚಳಿಯಲ್ಲಿ. ಇದು ಆಗ ಹೊಳೆಯಲಿಲ್ಲ.

ನಮ್ಮ ಕಡೆಯದು ಎಲೆ ಉದುರುವ ಕಾಡು. ಮಾರ್ಚ್ ಹೊತ್ತಿಗೆ ಮುತ್ತುಗ ಕೆಂಡದ ಹಾಗೆ ಹೂ ಬಿಟ್ಟಿರುತ್ತದೆ, ಕೆಳಗೆ ನೆರಳು ಮಾತ್ರ ಇರುವುದಿಲ್ಲ. ಮಲೆನಾಡಿನ ಫೋಟೊ ನೋಡಿಕೊಂಡು ಬಂದ ಬೆಂಗಳೂರಿನವರೊಬ್ಬರು ಕಾಡಿನ ಮಧ್ಯೆ ನಿಂತೇ “ಕಾಡು ಎಲ್ಲಿ?” ಅಂತ ಕೇಳಿದ್ದರು.

ಅಂಥ ಒಂದು ಮಾರ್ಚ್ ಬೆಳಿಗ್ಗೆ. ಆರಕ್ಕೆ ಯೋಗ, ಏಳಕ್ಕೆ ನಡಿಗೆ, ಒಂಬತ್ತಕ್ಕೆ ತಿಂಡಿ. ಹನ್ನೊಂದು ಜನ. ಅವರಲ್ಲಿ ರಾಣೇಬೆನ್ನೂರಿನ ಅರವತ್ತು ದಾಟಿದ ಯಜಮಾನರೊಬ್ಬರು ಕೆರೆ ಏರಿ ಮೇಲೆ ನನಗಿಂತ ಜಾಸ್ತಿ ಮಾತಾಡಿಕೊಂಡು ಬಂದರು. ಗುಡ್ಡ ಹತ್ತುವಾಗ ಮಾತು ನಿಂತಿತು. ಟಿಟ್ಟಿಭ ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ ಅಂತ ನಾನು ಹೇಳುತ್ತಿದ್ದೆ. “ಎಷ್ಟ್ ಮಾತಾಡ್ತೀಯೋ, ಸುಮ್ನಿರು” ಅಂತ ಗದರಿದರು. ನನಗೆ ಮುಖ ಸಣ್ಣಗಾಯಿತು, ಮುಂದೆ ಹೋಗಿಬಿಟ್ಟೆ. ತಿರುಗಿ ನೋಡಿದಾಗ ಬಂಡೆಗೆ ಒರಗಿ ನಿಂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. ಅವರ ಹೆಂಡತಿ ಓಡಿ ಬಂದು, “ಶುಗರ್ ಮಾತ್ರೆ ತಗೊಂಡಾರ್ರೀ, ತಿಂಡಿ ಆಗಿಲ್ಲ” ಅಂದರು.

ನನ್ನ ಬ್ಯಾಗಿನಲ್ಲಿ ಬೈನಾಕ್ಯುಲರ್, ಹಕ್ಕಿಗಳ ಪುಸ್ತಕ, ಒಂದು ಪೊಟ್ಟಣ ಖಾರ ಮಂಡಕ್ಕಿ. ಒಣಗಿದ ಬಾಯಿಗೆ ಮಂಡಕ್ಕಿ ಹೇಗೆ ಕೊಡುವುದು? ಗುಂಪಿನಲ್ಲಿದ್ದ ಹುಡುಗಿಯೊಬ್ಬಳ ಹತ್ತಿರ ಮಾವಿನ ಜ್ಯೂಸಿನ ಚಿಕ್ಕ ಡಬ್ಬಿ ಇತ್ತು. ಅದನ್ನು ಕುಡಿಸಿದ ಮೇಲೆ ಒಂದು ಕಾಲು ಗಂಟೆಗೆ ಅವರು ಮೊದಲಿನ ಹಾಗಾದರು, ನನ್ನ ಕ್ಷಮೆಯನ್ನೂ ಕೇಳಿದರು. ಕೇಳಬೇಕಾಗಿದ್ದವನು ನಾನು.

ಆಮೇಲೆ ಊರಿನ ಡಾಕ್ಟರೊಬ್ಬರ ಹತ್ತಿರ ಕೂತು ತಿಳಿದುಕೊಂಡೆ. ಶುಗರ್ ಮಾತ್ರೆಗಳಲ್ಲಿ ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್ ಥರದ ಮಾತ್ರೆಯನ್ನೋ ಇನ್ಸುಲಿನ್ನೋ ತಗೊಂಡು, ಹೊಟ್ಟೆಗೆ ಹಾಕದೆ ನಡೆದರೆ ರಕ್ತದ ಸಕ್ಕರೆ ಅಂಶ 70 mg/dL‌ಗಿಂತ ಕೆಳಗೆ ಇಳಿಯಬಹುದು. ಆಗ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಬೇಕು. 15 ನಿಮಿಷ ಕಾದು, ಸುಧಾರಿಸದಿದ್ದರೆ ಇನ್ನೊಮ್ಮೆ. ಆಮೇಲೆ ಊಟ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕುವಂತಿಲ್ಲ, ಆಸ್ಪತ್ರೆಯೇ. ನಡುಕ, ಬೆವರಿನ ಜತೆ ಸಿಡುಕೂ ಅದರ ಲಕ್ಷಣವಂತೆ. ನಾನು ಮುನಿಸಿಕೊಂಡಿದ್ದು ಆ ಲಕ್ಷಣದ ಮೇಲೆ.

ಈಗ ನಡಿಗೆಗೆ ಮೊದಲು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮಾತ್ರೆ, ಮಂಡಿ, ಎದೆನೋವು ಕೇಳುತ್ತೇನೆ. ಎಲ್ಲರೆದುರು ಕೇಳಿದರೆ ಗಂಡಸರು ಸುಳ್ಳು ಹೇಳುತ್ತಾರೆ. ಹೊರಡುವ ಮುಂಚೆ ಬಾಳೆಹಣ್ಣು ಕಡ್ಡಾಯ. ದಾರಿಯನ್ನೂ ತಿರುಗಿಸಿದೆ: ಗುಡ್ಡದ ಏರು ಬಿಟ್ಟು, ಕೆರೆ ಏರಿ, ಹೊಂಗೆ ಸಾಲು, ವಾಪಸ್, ಒಟ್ಟು 2 ಕಿ.ಮೀ. ನಿಧಾನದವರು ಮುಂದೆ, ನಾನು ಹಿಂದೆ. ಇದನ್ನು ಕೊಂಡಜ್ಜಿಯ ಸ್ಕೌಟ್ ಕ್ಯಾಂಪಿನಲ್ಲಿ ಏಳನೇ ಕ್ಲಾಸಿಗೇ ಕಲಿತಿದ್ದೆ, ಸಂಬಳ ಬಂದ ಮೇಲೆ ಮರೆತಿದ್ದೆ.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ವಾಚು ತೋರಿಸಿ ಗೊಣಗುವವರು ಇದ್ದೇ ಇರುತ್ತಾರೆ. ಆ ಲೆಕ್ಕ ಹುಟ್ಟಿದ್ದು ವೈದ್ಯರಿಂದಲ್ಲ, 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಅಂತ ಹೇಳುತ್ತೇನೆ. ಅದೇ ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಕಾಡಿನ ಸ್ನಾನ’ ಅಂತ, ಅಂದರೆ ಕಾಡಿನಲ್ಲಿ ನಿಧಾನವಾಗಿ ಹೊತ್ತು ಕಳೆಯುವುದು ಅಂತ, ಶುರು ಮಾಡಿದ್ದರಲ್ಲಿ ಕಿಲೋಮೀಟರಿನ ಮಾತೇ ಮುಖ್ಯವಲ್ಲ. ನಮ್ಮ ಮ್ಯಾನೇಜರಿಗೂ ಇದನ್ನೇ ಹೇಳಿ ಒಪ್ಪಿಸಿದೆ.

ಗೇಟಿನ ಬೋರ್ಡಿನಲ್ಲಿ ಇನ್ನೂ 5 ಕಿ.ಮೀ. ಅಂತಲೇ ಇದೆ. ಪೇಂಟರ್ ಸೋಮವಾರ ಬರುತ್ತಾನೆ ಅಂತ ಹೇಳಿ ಮೂರು ತಿಂಗಳಾಯಿತು.