ವಾರದಿಂದ ಹಿಮವೇ ಬಿದ್ದಿಲ್ಲ, ಈಗ ಬೆಟ್ಟಕ್ಕೆ ಹೋಗಬಹುದಲ್ವಾ?

ಜನವರಿ ಬಂತೆಂದರೆ ಕೆನಡಾದ ಕ್ಯಾಲ್ಗರಿಯ ಕನ್ನಡ ಗೆಳೆಯರಿಂದ ಈ ಪ್ರಶ್ನೆ ಬರುತ್ತದೆ. ಆಕಾಶ ತಿಳಿಯಾಗಿದೆ, ಒಳ್ಳೆ ಬಿಸಿಲಿದೆ, ಬ್ಯಾನ್ಫ್ ಬೆಟ್ಟಗಳ ಕಡೆ ಸ್ನೋಶೂ (ಹಿಮದಲ್ಲಿ ಕಾಲು ಹೂಳದಂತೆ ಕಟ್ಟಿಕೊಳ್ಳುವ ಅಗಲದ ಪಾದರಕ್ಷೆ) ಹಾಕಿಕೊಂಡು ಹತ್ತೋಣ, ಹಿಮಕುಸಿತದ ಭಯ ಇನ್ನೇಕೆ ಅಂತ.

ಸಮುದ್ರದ ಹತ್ತಿರದ ಬೆಟ್ಟಗಳಲ್ಲಾದರೆ ಈ ಲೆಕ್ಕ ಸ್ವಲ್ಪ ಮಟ್ಟಿಗೆ ಸರಿ. ಅಲ್ಲಿ ಹಿಮ ದಪ್ಪ, ಚಳಿ ಕಡಿಮೆ. ಹೊಸ ಹಿಮ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಹಳೆಯದಕ್ಕೆ ಕಚ್ಚಿಕೊಳ್ಳುತ್ತದೆ. ನಮ್ಮ ರಾಕಿ ಪರ್ವತಗಳಲ್ಲಿ ಹಿಮ ತೆಳು, ಚಳಿ ಜಾಸ್ತಿ. ತೊಂದರೆ ಶುರುವಾಗುವುದೇ ಇಲ್ಲಿ.

ನೆಲಕ್ಕೆ ತಾಗಿದ ಹಿಮ ಹೆಚ್ಚುಕಡಿಮೆ 0 ಡಿಗ್ರಿಯಲ್ಲಿರುತ್ತದೆ. ಮೇಲೆ ಮೈನಸ್ 25. ನಡುವೆ ಅರ್ಧ ಮೀಟರ್ ಹಿಮ, ಅಷ್ಟೇ. 10 ಸೆಂಟಿಮೀಟರಿಗೆ 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸವಿದ್ದರೆ ಒಳಗಿನ ಆವಿ ಜೋರಾಗಿ ಮೇಲೇರುತ್ತದೆ. ಕಣಗಳ ನಡುವಿನ ಬೆಸುಗೆ ಬಿಡುತ್ತದೆ, ಕಣಗಳು ಚೂಪು ಮೂಲೆಗಳ ದೊಡ್ಡ ಹರಳುಗಳಾಗುತ್ತವೆ. ಉಂಡೆ ಕಟ್ಟಲು ಹೋದರೆ ಸಕ್ಕರೆಯಂತೆ ಬೆರಳಸಂದಿಯಲ್ಲಿ ಸುರಿದುಹೋಗುತ್ತದೆ. ನವೆಂಬರಿನಲ್ಲಿ ಆದ ಈ ಪದರ ಕೆಲವು ವರ್ಷ ವಸಂತದವರೆಗೂ ಹಾಗೇ ಉಳಿಯುತ್ತದೆ. ಅದರ ಮೇಲೆ ಗಾಳಿ ಪೇರಿಸಿದ ಹಿಮದ ಗಟ್ಟಿ ಹಲಗೆ ಕೂತಿರುತ್ತದೆ; ಕೆಳಗಿನ ಸಡಿಲ ಪದರ ಕುಸಿದರೆ ಹಲಗೆ ಜಾರುತ್ತದೆ. ನೀವು ಒಳ್ಳೆ ಹವೆ ಅನ್ನುವ ಆ ತಿಳಿ ಚಳಿಯ ದಿನಗಳೇ ಈ ಕೆಲಸ ಮಾಡಿರುತ್ತವೆ.

ಮುಂದೆ ಹತ್ತು ಜನ ನಡೆದ ಗುರುತಿದೆ ಅನ್ನುವುದೂ ಪುರಾವೆಯಾಗದು. ಬಂಡೆಯ ಪಕ್ಕ ಹಿಮ ತೆಳುವಾಗಿರುವ ಒಂದು ಜಾಗದಲ್ಲಿ ಹನ್ನೊಂದನೆಯವನು ಕಾಲಿಟ್ಟರೆ ಇಡೀ ಇಳಿಜಾರೇ ಕಳಚಬಹುದು. ಕಾಲಡಿ ಧಬ್ ಅಂತ ಸದ್ದಾಗಿ ಹಿಮ ಕುಸಿದಂತಾದರೆ ಚರ್ಚೆ ಬೇಡ, ಬಂದ ದಾರಿಯಲ್ಲೇ ವಾಪಸ್.

ಹೊರಡುವ ಮುಂಚೆ ಹಿಮಕುಸಿತದ ಎಚ್ಚರಿಕೆ ಕೊಡುವ ಸಂಸ್ಥೆ ಅವಲಾಂಚ್ ಕೆನಡಾದ ಮುನ್ಸೂಚನೆ ಓದಿ. ಅಪಾಯದ ಐದು ಹಂತಗಳಲ್ಲಿ ಮೂರನೆಯದನ್ನು ಜನ ಸುಮ್ನೆ 'ಪರವಾಗಿಲ್ಲ' ಅಂದುಕೊಳ್ಳುತ್ತಾರೆ. ಮನುಷ್ಯರ ಭಾರಕ್ಕೆ ಹಿಮ ಜಾರುವ ಸಂಭವ ಹೆಚ್ಚು ಅಂತ ಅದರ ಅರ್ಥ. ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಎಲ್ಲರ ಹತ್ತಿರ ಇರಲಿ. ಹೂತುಹೋದವರನ್ನು ಮೊದಲ 10 ನಿಮಿಷದಲ್ಲಿ ತೆಗೆಯದಿದ್ದರೆ ಬದುಕುವ ಸಾಧ್ಯತೆ ಬೇಗ ಕುಗ್ಗುತ್ತದೆ. ಹೊರಗಿನ ನೆರವು ಅಷ್ಟರಲ್ಲಿ ಬರುವುದಿಲ್ಲ.

ಹಾಗಾದರೆ ಹೋಗಲೇಬಾರದಾ? ಹೋಗಿ. 30 ಡಿಗ್ರಿಗಿಂತ ಕಡಿಮೆ ಇಳಿಜಾರು ಹುಡುಕಿ, ಫೋನಿನಲ್ಲೇ ಅಳೆಯಬಹುದು. ನಿಮ್ಮ ತಲೆಯ ಮೇಲೆ ಕಡಿದಾದದ್ದು ಏನೂ ಇರಬಾರದು, ಅದನ್ನೇ ಜನ ಮರೆಯುವುದು. ಬ್ಯಾನ್ಫ್ ಕಡೆಯ ಲೇಕ್ ಲೂಯಿಸ್ ಸರೋವರದ ದಂಡೆಯ ದಾರಿ ಸಮತಟ್ಟು, ಮಕ್ಕಳೂ ನಡೆಯುತ್ತಾರೆ. ಸರೋವರದ ತುದಿ ದಾಟಿ ಪ್ಲೇನ್ ಆಫ್ ಸಿಕ್ಸ್ ಗ್ಲೇಸಿಯರ್ಸ್ ಎಂಬ ಚಾರಣದ ಜಾಗದ ಕಡೆ ಹೊರಟರೆ ಮಾತ್ರ ಹಿಮ ಜಾರಿ ಬರುವ ಜಾಗಗಳ ಕೆಳಗೇ ಹೋಗುತ್ತೀರಿ. ಚಳಿಗಾಲದಲ್ಲಿ ಆ ತುದಿಗೇ ನಿಲ್ಲಿಸಿ.