ಪಗ್‌ನ ಗೊರಕೆ ಮತ್ತು ಮೂರು ನಿಮಿಷದ ಓಟ

ಮೊಟಕು ಮೂತಿಯ ಪಗ್ ನಾಯಿಯನ್ನು ಸಾಕಿರುವವರ ಮನೆಯಲ್ಲಿ ಅದರ ಗೊರಕೆಯ ಬಗ್ಗೆ ಒಂದಾದರೂ ತಮಾಷೆಯ ಮಾತು ಕೇಳಿಬರುತ್ತದೆ. ‘ಆ ಜಾತಿಯೇ ಹಾಗೆ’ ಎನ್ನುವುದರಲ್ಲಿ ಅರ್ಧ ನಿಜವಿದೆ. ಮೂತಿಯ ಮೂಳೆ ಮೊಟಕಾದರೂ ಒಳಗಿನ ಮಾಂಸಲ ಭಾಗ ಅದಕ್ಕೆ ತಕ್ಕಷ್ಟು ಕುಗ್ಗದೆ ಉಳಿದಿರುವುದರಿಂದ, ಮೂಗಿನ ಹೊಳ್ಳೆಗಳು ಸಣ್ಣ ಸೀಳಿನಂತಾಗಿ, ಮೃದು ಅಂಗುಳ ಗಂಟಲಿನವರೆಗೆ ಇಳಿಬಿದ್ದು, ಗಾಳಿಯ ದಾರಿ ಇಕ್ಕಟ್ಟಾಗುತ್ತದೆ. ಆದರೆ ಎಲ್ಲ ಪಗ್‌ಗಳೂ ಒಂದೇ ಪ್ರಮಾಣದಲ್ಲಿ ಕಷ್ಟಪಡುವುದಿಲ್ಲ. ಹೊರನೋಟಕ್ಕೆ ಒಂದೇ ಬಗೆಯ ಮೂಗುಳ್ಳ ಎರಡು ನಾಯಿಗಳಲ್ಲಿ ಒಂದು ಆರಾಮವಾಗಿ ಓಡಾಡಿಕೊಂಡಿದ್ದರೆ ಇನ್ನೊಂದು ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿರಬಹುದು. ಆದ್ದರಿಂದ ಮುಖ ನೋಡಿ ತೀರ್ಮಾನಿಸುವುದಕ್ಕಿಂತ ಉಸಿರಾಟವನ್ನೇ ಪರೀಕ್ಷಿಸುವುದು ಸರಿಯಾದ ಕ್ರಮವೆಂಬುದು ಒಂದು ಪಗ್ ಸಾಕಿರುವ ನನ್ನ ಖಚಿತ ಅಭಿಪ್ರಾಯ.

ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪಶುವೈದ್ಯರು ಪಗ್, ಫ್ರೆಂಚ್ ಬುಲ್‌ಡಾಗ್ ಮತ್ತು ಬುಲ್‌ಡಾಗ್‌ಗಳಿಗಾಗಿ ರೂಪಿಸಿದ ಇಂಥ ಪರೀಕ್ಷೆಯ ವಿಧಾನವನ್ನು ಅಲ್ಲಿನ ನಾಯಿ ತಳಿಗಳ ಸಂಸ್ಥೆಯಾದ ಕೆನಲ್ ಕ್ಲಬ್ 2019ರಲ್ಲಿ ಜಾರಿಗೆ ತಂದಿತು. ವೈದ್ಯರು ಮೊದಲು ನಾಯಿ ಶಾಂತವಾಗಿರುವಾಗ ಸ್ಟೆತೊಸ್ಕೋಪನ್ನು ಎದೆಯ ಮೇಲಷ್ಟೇ ಅಲ್ಲ, ಗಂಟಲಿನ ಧ್ವನಿಪೆಟ್ಟಿಗೆಯ ಪಕ್ಕದಲ್ಲೂ ಇಟ್ಟು ಕೇಳುತ್ತಾರೆ. ಅನಂತರ ಅದನ್ನು ಮೂರು ನಿಮಿಷ ಚುರುಕು ನಡಿಗೆಯ ಓಟದಲ್ಲಿ ಕರೆದೊಯ್ದು ಕೂಡಲೇ ಮತ್ತೆ ಕೇಳುತ್ತಾರೆ. ಇಡೀ ಪರೀಕ್ಷೆಯ ಜೀವಾಳ ಇರುವುದು ಈ ಎರಡನೆಯ ಸಲದಲ್ಲಿ. ವಿಶ್ರಾಂತಿಯಲ್ಲಿದ್ದಾಗ ಏನೂ ಕೇಳಿಸದ ನಾಯಿಯಲ್ಲಿ ಓಟದ ನಂತರ ಗೊರಗೊರ ಸದ್ದು ಶುರುವಾಗಬಹುದು. ಅದು ಸಾಮಾನ್ಯವಾಗಿ ಮೂಗು ಅಥವಾ ಅಂಗುಳದ ಭಾಗದ್ದು. ಒಳಗೆಳೆದುಕೊಳ್ಳುವ ಉಸಿರಿನಲ್ಲಿ ಸೀಟಿಯಂಥ ತೆಳು ಸ್ವರ ಬಂದರೆ ಧ್ವನಿಪೆಟ್ಟಿಗೆಯೇ ಕುಗ್ಗುತ್ತಿರುವ ಸಂಶಯಕ್ಕೆ ಎಡೆಯಾಗುತ್ತದೆ. ಸದ್ದು, ಉಸಿರೆಳೆಯಲು ಪಡುವ ಶ್ರಮ, ಸುಸ್ತು ಇವೆಲ್ಲವನ್ನೂ ನೋಡಿ 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. 0 ಎಂದರೆ ಲಕ್ಷಣಗಳಿಲ್ಲ. 3 ಎಂದರೆ ತೀವ್ರ ತೊಂದರೆ, ಅಂಥ ನಾಯಿಯಿಂದ ಮರಿ ಹಾಕಿಸಬಾರದು.

ಇನ್ನೂ ಸೂಕ್ಷ್ಮವಾದ ಅಳತೆಗೆ ಪ್ಲೆತಿಸ್ಮೋಗ್ರಫಿ ಎಂಬ ಪರೀಕ್ಷೆಯಿದೆ. ಪಾರದರ್ಶಕ ಪೆಟ್ಟಿಗೆಯಂಥ ಕೋಣೆಯೊಳಗೆ ನಾಯಿಯನ್ನು ಮಂಪರು ಬರಿಸದೆ, ಕಟ್ಟಿಹಾಕದೆ ಬಿಡುತ್ತಾರೆ. ಅದರ ಪ್ರತಿ ಉಸಿರಿಗೂ ಒಳಗಿನ ಒತ್ತಡದಲ್ಲಿ ಆಗುವ ಏರಿಳಿತವನ್ನು ಯಂತ್ರ ದಾಖಲಿಸುತ್ತದೆ. ಇದು ಸಂಶೋಧನಾ ಕೇಂದ್ರಗಳ ಸಲಕರಣೆ. ನಮ್ಮ ಊರಿನ ಕ್ಲಿನಿಕ್ಕಿಗೆ ಸ್ಟೆತೊಸ್ಕೋಪು ಮತ್ತು ಒಂದು ಉದ್ದನೆಯ ವರಾಂಡ ಸಾಕು. ಆದರೆ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಮಾತ್ರ ಈ ಓಟ ಸಲ್ಲದು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಮುಖ್ಯವಾಗಿ ತೇಕುವುದರ ಮೂಲಕವಾದ್ದರಿಂದ, ಉಸಿರಿನ ದಾರಿ ಕಟ್ಟಿಕೊಂಡ ನಾಯಿಗೆ ಸೆಕೆಯಲ್ಲಿ ಪ್ರಾಣಾಪಾಯವೇ ಆಗಬಹುದು.

ಅಂಗುಳದ ಉದ್ದವನ್ನು ಸರಿಯಾಗಿ ನೋಡಬೇಕಾದರೆ ಅರಿವಳಿಕೆ ಕೊಡಲೇಬೇಕಾಗುತ್ತದೆ. ಇಂಥ ನಾಯಿಗಳಿಗೆ ಅರಿವಳಿಕೆಯಿಂದ ಎಚ್ಚರಗೊಳ್ಳುವ ಹೊತ್ತೇ ಹೆಚ್ಚು ನಾಜೂಕಿನದು. ಆದ್ದರಿಂದ ಬರೀ ನೋಡುವುದಕ್ಕೆಂದು ಒಮ್ಮೆ, ಗಾಳಿಯ ದಾರಿ ಸರಿಪಡಿಸುವ ಶಸ್ತ್ರಚಿಕಿತ್ಸೆಗೆಂದು ಇನ್ನೊಮ್ಮೆ ಮಲಗಿಸುವ ಬದಲು ಎರಡನ್ನೂ ಒಂದೇ ಸಲಕ್ಕೆ ಮುಗಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳುವುದು ಮೇಲು.

ಮನೆಯವರು ಮಾಡಬಹುದಾದ ಕೆಲಸವೂ ಇದೆ. ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ಉಸಿರೆಂದು ಲೆಕ್ಕವಿಟ್ಟು, ಒಂದು ನಿಮಿಷ ಎಣಿಸಬೇಕು. ಈ ಸಂಖ್ಯೆ ದಿನದಿನವೂ 30 ಮೀರುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಅದು ಶ್ವಾಸಕೋಶದ ಅಥವಾ ಹೃದಯದ ತೊಂದರೆಯನ್ನೂ ಸೂಚಿಸಬಹುದು. ಎಣಿಕೆಗಿಂತ ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ನಿದ್ದೆಯ ಭಂಗಿ. ನಮ್ಮ ಪಗ್ ಗದ್ದವನ್ನು ಸೋಫಾದ ತೋಳಿನ ಮೇಲೆ ಎತ್ತರಕ್ಕಿಟ್ಟು, ಬಾಯಲ್ಲಿ ರಬ್ಬರ್ ಚೆಂಡನ್ನು ಕಚ್ಚಿಕೊಂಡೇ ಮಲಗುತ್ತಿತ್ತು. ಮುದ್ದೆನಿಸುವ ಆ ಭಂಗಿ ಬಾಯಿ ಮುಚ್ಚಿದರೆ ಉಸಿರು ಕಟ್ಟುವ ನಾಯಿ ಕಂಡುಕೊಂಡ ಉಪಾಯವೆಂದು ವೈದ್ಯರು ವಿವರಿಸಿದರು. ಕ್ಲಿನಿಕ್ಕಿನಲ್ಲಿ ಗಾಬರಿಗೊಂಡ ನಾಯಿ ಹೇಗೂ ತೇಕುವುದರಿಂದ, ಇಂಥ ನಿದ್ದೆಯ ವಿಡಿಯೊವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ತೋರಿಸುವುದು ಒಳ್ಳೆಯದು. ಒಸಡು ನೀಲಿಗಟ್ಟಿದರೆ ಅಥವಾ ನಾಯಿ ಕುಸಿದುಬಿದ್ದರೆ ಮಾತ್ರ ವಿಡಿಯೊ ತೆಗೆಯುತ್ತ ನಿಲ್ಲದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.